ಕಣ್ಣಿಗೆ ಕಾಣದ ಕಡ್ಡಾಯದ ಕಾಲಂ

ಷಡ್ಡಕನ ಹೆಸರು ಅಚ್ಚಾದ ದಿನ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ನಮ್ಮ ಡಾಕ್ಟರು ಅಸಿಡಿಟಿ ಎಂದು ಕರೆದು ಗುಲಾಬಿ ಬಣ್ಣದ ಔಷಧಿ ಬರೆದುಕೊಟ್ಟರು. ಪಾಪ, ಅವರಿಗೆ ಷಡ್ಡಕ ಇಲ್ಲ. ಇದ್ದಿದ್ದರೆ ಇದು ಔಷಧಿಗೆ ಇಳಿಯುವ ಉರಿಯಲ್ಲ ಎಂದು ಮುಖ ನೋಡಿದ ಕೂಡಲೇ ಹೇಳಿಬಿಡುತ್ತಿದ್ದರು. ಅಣ್ಣತಮ್ಮಂದಿರು ಕಿತ್ತಾಡಲು ಆಸ್ತಿಯಾದರೂ ಬೇಕು. ಷಡ್ಡಕರಿಗೆ ಏನೂ ಬೇಡ, ಮಾವನ ಮನೆಯಲ್ಲಿ ಕೈಯಿರುವ ಕುರ್ಚಿ ಒಂದೇ ಇದ್ದರೆ ಸಾಕು.

ಅವನು ನನ್ನ ಹೆಂಡತಿಯ ತಂಗಿಯ ಗಂಡ, ನನಗಿಂತ ಆರು ವರ್ಷ ಚಿಕ್ಕವನು. ಕಸುಬು ಇಬ್ಬರದೂ ಒಂದೇ, ವೆಬ್ ಪುಟ ಮಾಡುವುದು. ಅವನು ದೊಡ್ಡ ಕಂಪನಿಯಲ್ಲಿ ಮಾಡುತ್ತಾನೆ. ನಾನು ಊರಿನ ನೀರು ಸರಬರಾಜು ಕಚೇರಿಯಲ್ಲಿ ಆನ್‌ಲೈನ್ ಫಾರಂ ಮಾಡುತ್ತೇನೆ. ಹೆಸರು, ವಿಳಾಸ, ಕಾಲಂ, ಕೊನೆಗೆ ‘ಸಲ್ಲಿಸಿ’ ಎಂಬ ಹಸಿರು ಬಟನ್. ಇದರಲ್ಲಿ ಹೆಸರು ಮಾಡುವ ಅವಕಾಶವೇ ಇಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಆದರೆ ವೆಬ್ ಪುಟಗಳನ್ನು ಹೀಗೇ ಬರೆಯಬೇಕು ಎಂದು ಇಡೀ ಲೋಕಕ್ಕೆ ಒಂದು ನಿಯಮಪುಸ್ತಕ ಇದೆ. ಅದನ್ನು ಬರೆಯುವುದಕ್ಕೆ ಒಂದು ಮಂಡಳಿ ಇದೆ. ಯಾವುದಾದರೂ ನಿಯಮ ಅರ್ಥವಾಗದಿದ್ದರೆ ಯಾರು ಬೇಕಾದರೂ ಅವರಿಗೆ ಪತ್ರ ಬರೆಯಬಹುದು. ಸಂದೇಹದಲ್ಲಿ ಹುರುಳಿದ್ದರೆ ಅವರು ಆ ನಿಯಮವನ್ನು ಬಿಡಿಸಿ ಬರೆಯುತ್ತಾರೆ, ಕೇಳಿದವನ ಹೆಸರನ್ನು ಪುಸ್ತಕದ ಕೊನೆಯಲ್ಲಿ ಕೃತಜ್ಞತೆಯ ಪಟ್ಟಿಗೆ ಸೇರಿಸುತ್ತಾರೆ. ಷಡ್ಡಕ ಕೇಳಿದ್ದು ಇಷ್ಟೆ: ಫಾರಂನಲ್ಲಿ ಒಂದು ಗುಂಪಿನ ಕಾಲಂಗಳನ್ನೆಲ್ಲ ಏನೂ ಬರೆಯಲಾಗದಂತೆ ಮುಚ್ಚಿಬಿಟ್ಟರೆ, ಆ ಗುಂಪಿನ ತಲೆಬರಹದೊಳಗೆ ಕೂತಿರುವ ಕಾಲಂ ಕೂಡ ಮುಚ್ಚುತ್ತದೋ ಇಲ್ಲವೋ? ಮಂಡಳಿಯವರು ಮೂರು ತಿಂಗಳು ಚರ್ಚೆ ಮಾಡಿ ‘ಮುಚ್ಚುವುದಿಲ್ಲ’ ಎಂದರು. ಇದು ನನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು, ಗೊತ್ತಿಲ್ಲದವನ ಹೆಸರು ಅಚ್ಚಾಯಿತು.

ಬೇರೆ ಮನೆಯಾಗಿದ್ದರೆ ಇದು ಒಂದು ಸುದ್ದಿಯೇ ಅಲ್ಲ. ಆದರೆ ನಮ್ಮ ಮಾವ ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಬಾಯಲ್ಲಿ ಆಡಿದ್ದು ಗಾಳಿ, ಕೈಯಲ್ಲಿ ಬರೆದದ್ದು ಕರಡು, ಅಚ್ಚಾದದ್ದು ಮಾತ್ರ ಸತ್ಯ ಎಂಬುದು ಅವರ ಸಿದ್ಧಾಂತ. ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಿಕೊಳ್ಳಬೇಕು. ಓದುವವರು ಚಿಹ್ನೆಗಳನ್ನೂ ಬಿಡುವಂತಿಲ್ಲ. ಈ ಅಭ್ಯಾಸ ಮಾವನನ್ನು ಬಿಡಲಿಲ್ಲ. ಔಷಧಿ ಬಾಟಲಿಯ ಚೀಟಿಯನ್ನೂ ಅವರು ‘ಊಟದ ನಂತರ ಅಲ್ಪವಿರಾಮ ಎರಡು ಚಮಚ ಪೂರ್ಣವಿರಾಮ’ ಎಂದೇ ಓದುತ್ತಾರೆ.

ಆ ಭಾನುವಾರ ನಾವು ಅವರ ಮನೆಗೆ ಹೋದಾಗ ಕೃತಜ್ಞತೆಯ ಪಟ್ಟಿ ಗೋಡೆಯ ಮೇಲಿತ್ತು. ಷಡ್ಡಕ ಕೈಯಿರುವ ಕುರ್ಚಿಯಲ್ಲಿದ್ದ, ಅವನ ಹೆಂಡತಿ ಪಕ್ಕದಲ್ಲಿದ್ದಳು.

"ಇನ್ನೂರ ಹದಿನಾಲ್ಕನೇದು ನೋಡಿ," ಎಂದು ಮಾವ ಪೆನ್ಸಿಲಿನ ತುದಿ ಇಟ್ಟು ತೋರಿಸಿದರು. "ಒಂದಕ್ಷರ ತಪ್ಪಿಲ್ಲ."

"ಮುನ್ನೂರು ಹೆಸರು ಇದಾವಲ್ಲ ಮಾವ," ಎಂದೆ.

"ಇದಾವೆ. ನಮ್ಮ ಮನೆಯವರದ್ದು ಮಾತ್ರ ಒಂದೇ."

ಷಡ್ಡಕ ತಲೆ ತಗ್ಗಿಸಿ, "ಬಿಡಿ ಮಾವ, ಅದೇನ್ ದೊಡ್ಡ ವಿಷಯ," ಎಂದ. ದೊಡ್ಡ ವಿಷಯ ಎಂದು ಹೇಳಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಈ ವಿನಯ ಇದೆಯಲ್ಲ, ಅದು ಗಾಯಕ್ಕೆ ಉಪ್ಪು. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

"ನಾನೂ ಒಂದು ಕಳಿಸಿದೀನಿ."

"ಏನು?" ಎಂದು ನಾಲ್ಕು ಜನ ಒಟ್ಟಿಗೆ ತಿರುಗಿದರು. ನನ್ನ ಹೆಂಡತಿಯ ಕಣ್ಣಲ್ಲಿ ಮದುವೆಯಾದ ಮೇಲೆ ನಾನು ನೋಡದೇ ಇದ್ದ ಒಂದು ಹೊಳಪು ಬಂತು.

"ಸಂದೇಹ. ಮಂಡಳಿಗೆ. ದೊಡ್ಡದು. ಈಗ ವಿವರ ಹೇಳೋ ಹಾಗಿಲ್ಲ," ಎಂದೆ. ವಿವರ ಹೇಳುವ ಹಾಗಿರಲಿಲ್ಲ ಎಂಬುದು ನಿಜವೇ. ಇರಬೇಕಲ್ಲ, ಹೇಳಲು.

ಅಷ್ಟರಲ್ಲಿ ಅತ್ತೆ ಕೆಳಗಿನಿಂದ ಬಕೆಟ್ ಹಿಡಿದು ಏದುಸಿರು ಬಿಡುತ್ತ ಬಂದರು. ಮೂರು ತಿಂಗಳ ಹಿಂದೆ ಅವರು ಈ ಮಹಡಿ ಮನೆಗೆ ಬಂದಿದ್ದರು. ಗಾಳಿ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು, ನಲ್ಲಿ ಇರಲಿಲ್ಲ. ಬಂದ ವಾರವೇ ಮಾವ ನಮ್ಮ ಕಚೇರಿಯ ಆನ್‌ಲೈನ್ ಫಾರಂನಲ್ಲಿ ಹೊಸ ನಲ್ಲಿಗೆ ಅರ್ಜಿ ಹಾಕಿದ್ದರು. ಅಲ್ಲಿಯವರೆಗೆ ಕೆಳಗಿನ ಮನೆಯ ಟೈಲರನ ಅಂಗಳದ ನಲ್ಲಿಯೇ ಗತಿ. ಇಪ್ಪತ್ತೆರಡು ಮೆಟ್ಟಿಲು.

"ದೊಡ್ಡಳಿಯಂದ್ರೆ, ನಮ್ಮ ನಲ್ಲಿ ಅರ್ಜಿ ಏನಾಯ್ತು? ಆ ಟೈಲರ್ ಇವತ್ತು ಏನಂದ ಗೊತ್ತಾ? ‘ಅಳಿಯ ನೀರಿನ ಕಚೇರಿ, ಬಕೆಟ್ ಮಾತ್ರ ನಮ್ಮನೇಲಿ’ ಅಂದ."

"ಸರದೀಲಿದೆ ಅತ್ತೆ. ಬರುತ್ತೆ," ಎಂದೆ. ನಾನು ನೋಡಿಯೇ ಇರಲಿಲ್ಲ.

ಮರುದಿನ ಕಚೇರಿಗೆ ಹೋಗಿ ನೋಡಿದೆ. ಮಾವನ ಅರ್ಜಿ ಇರಲಿಲ್ಲ. ಮಾವನದೇನು, ಯಾರದೂ ಇರಲಿಲ್ಲ. ಹಳೆ ನಲ್ಲಿಯ ದುರಸ್ತಿಗೆ ಅರ್ಜಿಗಳು ದಂಡಿಯಾಗಿ ಬಂದಿದ್ದವು. ಹೊಸ ನಲ್ಲಿಗೆ ಮೂರು ತಿಂಗಳಿಂದ ಒಂದೇ ಒಂದು ಬಂದಿರಲಿಲ್ಲ. ಇದು ನಮಗೆ ಗೊತ್ತಿದ್ದ ವಿಷಯವೇ. ನಮ್ಮ ಸಾಹೇಬರು ಬಾಗಿಲ ಮೇಲೆ ‘ಹೊಸ ಸಂಪರ್ಕ: ಬಾಕಿ ಸೊನ್ನೆ’ ಎಂದು ಬೋರ್ಡೇ ಬರೆಸಿದ್ದರು. ಊರಿನವರಿಗೆಲ್ಲ ನೀರು ಸಿಕ್ಕಾಗಿದೆ ಎಂದು ಮೇಲಿನವರಿಗೆ ವರದಿ ಹೋಗಿತ್ತು, ಮೇಲಿನಿಂದ ಶಹಬ್ಬಾಸ್ ಬಂದಿತ್ತು. ಸೊನ್ನೆಗೆ ಸಿಕ್ಕ ಮರ್ಯಾದೆ ನಮ್ಮ ಕಚೇರಿಯಲ್ಲಿ ಯಾವ ಅಂಕಿಗೂ ಸಿಕ್ಕಿಲ್ಲ.

ಮಾವನ ಹೆಸರು, ವಿಳಾಸ ಎಲ್ಲ ತುಂಬಿ ನಾನೇ ಹಸಿರು ಬಟನ್ ಒತ್ತಿದೆ. ಏನೂ ಆಗಲಿಲ್ಲ. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಮತ್ತೆ ಒತ್ತಿದೆ. ಬಟನ್ ತಾನು ಬಟನ್ ಎಂಬುದನ್ನೇ ಮರೆತಂತೆ ಕೂತಿತ್ತು.

ಕಾರಣ ಸಿಗಲು ಕಾಲು ಗಂಟೆ ಹಿಡಿಯಿತು. ಫಾರಂ ಒಂದೇ, ಅರ್ಜಿ ಎರಡು ಬಗೆ. ಹಳೆ ನಲ್ಲಿಯವರು ಮೀಟರ್ ಸಂಖ್ಯೆ ಬರೆಯಲೇಬೇಕು. ಅದಕ್ಕೆ ಮೂರು ತಿಂಗಳ ಹಿಂದೆ ಆ ಕಾಲಮ್ಮಿಗೆ ‘ಕಡ್ಡಾಯ’ ಎಂಬ ಒಂದು ಪದ ಸೇರಿಸಿದ್ದೆ. ಹೊಸ ನಲ್ಲಿ ಬೇಕಾದವರಿಗೆ ಮೀಟರ್ ಎಲ್ಲಿಂದ ಬರಬೇಕು? ಅದಕ್ಕೆ ಅವರಿಗೆ ಆ ಕಾಲಂ ಕಾಣದ ಹಾಗೆ ಮರೆಮಾಡಿದ್ದೆ. ಮರೆಮಾಡಿದೆನೇ ಹೊರತು ಕಡ್ಡಾಯವನ್ನು ತೆಗೆದಿರಲಿಲ್ಲ. ಅಂದರೆ ಹೊಸಬನು ತನ್ನ ಹತ್ತಿರ ಇಲ್ಲದ ಸಂಖ್ಯೆಯನ್ನು ತನಗೆ ಕಾಣದ ಜಾಗದಲ್ಲಿ ಕಡ್ಡಾಯವಾಗಿ ಬರೆಯಬೇಕಿತ್ತು. ಬರೆಯದಿದ್ದರೆ ಬ್ರೌಸರ್ ‘ಇಲ್ಲಿ ಬರಿ’ ಎಂದು ಆ ಕಾಲಮ್ಮನ್ನು ತೋರಿಸಲು ಹೋಗುತ್ತದೆ, ತೋರಿಸಲು ಕಾಲಂ ಕಾಣಿಸುವುದಿಲ್ಲ, ಸುಮ್ಮನಾಗುತ್ತದೆ. ಮೂರು ತಿಂಗಳಿಂದ ಊರಿನ ಜನ ಒತ್ತಿ ಒತ್ತಿ, ಹೋಗಿರಬೇಕು ಎಂದುಕೊಂಡು ಎದ್ದು ಹೋಗಿದ್ದರು.

ಒಂದು ಪದ ಅಳಿಸಿದರೆ ಮುಗಿಯುತ್ತಿತ್ತು. ನಾನು ಒಳ್ಳೆಯ ಮನುಷ್ಯ, ಬೆರಳನ್ನು ಕೀಲಿಯ ಮೇಲೂ ಇಟ್ಟೆ. ಆಗಲೇ ಗೋಡೆಯ ಮೇಲಿನ ಇನ್ನೂರ ಹದಿನಾಲ್ಕನೆಯ ಹೆಸರು ಕಣ್ಣ ಮುಂದೆ ಬಂತು. ಕಾಣದ ಕಾಲಂ ಕಡ್ಡಾಯವಾಗಿದ್ದರೆ ಬ್ರೌಸರ್ ಏನು ಮಾಡಬೇಕು? ಇದು ಸಂದೇಹವಲ್ಲವೇ? ಷಡ್ಡಕನ ಸಂದೇಹಕ್ಕಿಂತ ಹತ್ತು ಪಟ್ಟು ದೊಡ್ಡದಲ್ಲವೇ? ಮೇಲಾಗಿ, ನಿಯಮವೇ ಸರಿಯಿಲ್ಲ ಎಂದಾದರೆ ತಪ್ಪು ನನ್ನದಲ್ಲ ಎಂದೂ ಆಗುತ್ತದೆ.

ತಕ್ಷಣ ಪತ್ರ ಬರೆದೆ. ‘ಮಾನ್ಯರೇ, ಕಾಣದ ಕಡ್ಡಾಯದ ಕಾಲಮ್ಮಿನ ಬಗ್ಗೆ ತಮ್ಮ ನಿಯಮ ಸ್ಪಷ್ಟವಾಗಿಲ್ಲ. ಈ ಅಸ್ಪಷ್ಟತೆಯಿಂದ ಒಂದು ಇಡೀ ಊರು ಬಾಯಾರಿ ಕೂತಿದೆ. ಸಾಕ್ಷಿಗೆ ನಮ್ಮ ಕಚೇರಿಯ ಫಾರಂ ನೋಡಿ’ ಎಂದು ವಿಳಾಸ ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ನೆಲ ಹಾಸಿದವರಿಗೇ ದೂರು ಕೊಟ್ಟೆ.

ನಿಮಿಷದೊಳಗೆ ಉತ್ತರ ಬಂತು. ‘ನಿಮ್ಮ ಸಂದೇಹಕ್ಕೆ ವಂದನೆಗಳು. ದಾಖಲಿಸಿಕೊಳ್ಳಲಾಗಿದೆ. ಚರ್ಚೆ ಮುಗಿಯುವವರೆಗೆ ಉದಾಹರಣೆಯ ಪುಟವನ್ನು ಬದಲಾಯಿಸಬೇಡಿ.’ ಇದು ಯಂತ್ರ ಎಲ್ಲರಿಗೂ ಕಳಿಸುವ ಉತ್ತರ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಆದರೆ ತಿಳಿದಿದ್ದನ್ನು ಆ ಹೊತ್ತಿಗೆ ಬದಿಗಿಟ್ಟೆ. ಮಂಡಳಿಯೇ ಬದಲಾಯಿಸಬೇಡಿ ಎಂದ ಮೇಲೆ ನಾನು ಯಾರು ಬದಲಾಯಿಸಲು? ಬೆರಳನ್ನು ಕೀಲಿಯಿಂದ ತೆಗೆದೆ.

ಹೆಂಡತಿಗೆ ಉತ್ತರ ತೋರಿಸಿದೆ. ಅವಳು ಅವಳ ಅಮ್ಮನಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಮಾವ ಗೋಡೆಯ ಮೇಲೆ ಇನ್ನೊಂದು ಹಾಳೆಗೆ ಜಾಗ ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಮೂರನೇ ದಿನ ಸುದ್ದಿ ಕಚೇರಿಗೂ ಮುಟ್ಟಿ ಸಾಹೇಬರು ಕರೆಸಿದರು.

"ಏನಯ್ಯಾ, ಲೋಕಕ್ಕೆಲ್ಲ ನಿಯಮ ಬರೀತಿದೀಯಂತೆ? ನಮ್ಮ ಫಾರಂ ಬಗ್ಗೆನೇ ಅಂತೆ?"

"ಹೌದು ಸಾರ್. ನಮ್ಮದೇ ಉದಾಹರಣೆ ತಗೊಂಡಿದಾರೆ."

"ಮಾದರಿ ಫಾರಂ ಅಂತಾನಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಸಾಹೇಬರು ಆಗಲೇ ಎದ್ದು ಬಂದು ನನ್ನ ಬೆನ್ನು ತಟ್ಟುತ್ತಿದ್ದರು. ಆ ಬೆನ್ನನ್ನು ಹನ್ನೊಂದು ವರ್ಷದಿಂದ ಯಾರೂ ತಟ್ಟಿರಲಿಲ್ಲ. "ಒಂದು ರೀತಿ ಹಾಗೇ ಸಾರ್," ಎಂದೆ.

"ತೀರ್ಮಾನ ಬರೋ ದಿನ ಸಭೆ ಇಡೋಣ. ಊರಿನವರನ್ನೂ ಕರೆಯೋಣ. ಬಾಕಿ ಸೊನ್ನೆ, ಫಾರಂ ಮಾದರಿ! ಮೇಲಿನವರು ನೋಡ್ಲಿ."

ಪತ್ರ ಬರೆದ ಹತ್ತನೆಯ ದಿನ ಅತ್ತೆ ತುಂಬಿದ ಬಕೆಟ್ ಸಮೇತ ಹದಿನೇಳನೆಯ ಮೆಟ್ಟಿಲಿನಿಂದ ಜಾರಿದರು. ಪಾದ ಉಳುಕಿ ಕುಂಬಳಕಾಯಿಯಷ್ಟು ಊದಿತು. ಡಾಕ್ಟರು ಪಟ್ಟಿ ಸುತ್ತಿ, ಆರು ವಾರ ಮೆಟ್ಟಿಲು ಹತ್ತಕೂಡದು ಎಂದರು. ನಾನು ಹೋದಾಗ ಅತ್ತೆ ಕಾಲು ಮೇಲಿಟ್ಟು ಮಲಗಿದ್ದರು. "ನಲ್ಲಿ ಬಂದಿದ್ರೆ ಇದಾಗ್ತಿರಲಿಲ್ಲ ಅಲ್ವಾ," ಎಂದರು. ಯಾರನ್ನೂ ಬೈಯಲಿಲ್ಲ, ಸುಮ್ಮನೆ ಅಂದರು. ನನಗೆ ಅಳು ಬಂದಂತಾಯಿತು. ಈಗಲೇ ಕಚೇರಿಗೆ ಹೋಗಿ ಆ ದರಿದ್ರ ಪದ ಅಳಿಸಿಬಿಡುತ್ತೇನೆ ಎಂದು ಎದ್ದೆ.

ಆಗ ಬಾಗಿಲಲ್ಲಿ ಷಡ್ಡಕ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ. ಅತ್ತೆಯನ್ನು ಮಾತಾಡಿಸಿದ ಮೇಲೆ ನನ್ನ ಕಡೆ ತಿರುಗಿ, "ಭಾವ, ನಿಮ್ಮ ಸಂದೇಹ ಮಂಡಳಿಯಲ್ಲಿ ಚರ್ಚೆಗೆ ಬಂದಿದೆಯಂತೆ, ನನಗೂ ಸುದ್ದಿ ಬಂತು. ತುಂಬಾ ಒಳ್ಳೆ ಸಂದೇಹ," ಎಂದ.

ಕೂತುಬಿಟ್ಟೆ. ಈಗ ಅಳಿಸಿದರೆ ಸಾಕ್ಷಿ ಹೋಗುತ್ತದೆ, ಸಾಕ್ಷಿ ಹೋದರೆ ಸಂದೇಹ ಹೋಗುತ್ತದೆ, ಸಂದೇಹ ಹೋದರೆ ಗೋಡೆಯ ಮೇಲೆ ಜೀವನಪೂರ್ತಿ ಅವನೊಬ್ಬನೇ. ಆದರೆ ಅತ್ತೆಗೆ ನೀರು ಬೇಕು. ನಾನು ಎರಡಕ್ಕೂ ದಾರಿ ಕಂಡುಕೊಂಡೆ. ಒಂದು ಪದ ಅಳಿಸುವ ಬದಲು ದಿನಾ ಬೆಳಿಗ್ಗೆ ಆರು ಗಂಟೆಗೆ ಬಂದು ಎಂಟು ಬಕೆಟ್ ನೀರು ಹೊತ್ತು ಹಾಕತೊಡಗಿದೆ.

ಲೋಕ ವಿಚಿತ್ರ. ಹನ್ನೊಂದು ವರ್ಷ ನಿಯತ್ತಾಗಿ ಫಾರಂ ಮಾಡಿದಾಗ ಯಾರೂ ತಿರುಗಿ ನೋಡಿರಲಿಲ್ಲ. ನನ್ನದೇ ತಪ್ಪನ್ನು ಮುಚ್ಚಿಡಲು ನೀರು ಹೊತ್ತಾಗ ಬೀದಿಯೇ ಕೊಂಡಾಡಿತು. ಆ ಸಿಡುಕು ಟೈಲರ್ ಕೂಡ ಹೊಲಿಗೆ ಯಂತ್ರ ನಿಲ್ಲಿಸಿ, "ಅಮ್ಮಾವ್ರೆ, ಇಂಥ ಅಳಿಯ ಹುಡುಕಿದ್ರೂ ಸಿಗಲ್ಲ. ನಮ್ಮನೇಲಿ ಇದಾನೆ ಒಬ್ಬ, ಅವನ ಅಂಗಿಗೂ ನಾನೇ ಗುಂಡಿ ಹಾಕ್ಬೇಕು," ಎಂದ. ಅತ್ತೆ ಮಂಚದಿಂದಲೇ ಕೂಗುತ್ತಿದ್ದರು: "ಸಾಕು ದೊಡ್ಡಳಿಯಂದ್ರೆ, ಸೊಂಟ ಹಿಡ್ಕೊಳುತ್ತೆ!" ಹಿಡಿದುಕೊಂಡಿತ್ತು. ಆದರೂ ಎಂಟರ ಜಾಗದಲ್ಲಿ ಹತ್ತು ಹೊತ್ತೆ.

ಎರಡನೆಯ ವಾರ ಷಡ್ಡಕ ಬಂದ. ಮೆಟ್ಟಿಲಲ್ಲಿ ನನ್ನ ಅವಸ್ಥೆ ನೋಡಿ ಮರುಗಿದ. ಅಂಗಡಿಗೆ ಹೋಗಿ ಉದ್ದನೆಯ ಪೈಪ್ ತಂದು ಕೆಳಗಿನ ನಲ್ಲಿಗೆ ಸಿಕ್ಕಿಸಿ, ಕಿಟಕಿಯಿಂದ ಒಳಗೆ ಬಿಟ್ಟ. ಹತ್ತು ನಿಮಿಷದಲ್ಲಿ ಮೇಲಿನ ಡ್ರಮ್ಮು ತುಂಬಿತು.

"ಎಂಥಾ ತಲೆ ನೋಡಿ ಚಿಕ್ಕಳಿಯಂದ್ರದ್ದು!" ಎಂದರು ಅತ್ತೆ. "ಇಷ್ಟು ದಿನ ನಮಗೆ ಹೊಳೀಲೇ ಇಲ್ವಲ್ಲ."

ನಾನು ಅರ್ಧ ಮೆಟ್ಟಿಲಲ್ಲಿ ಎರಡೂ ಕೈಯಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಹದಿಮೂರು ದಿನ ಹೊತ್ತ ನೂರಕ್ಕೂ ಹೆಚ್ಚು ಬಕೆಟ್ ನೀರು ಒಂದು ಪೈಪಿನ ಪಾಲಾಯಿತು. ದೇವರಿದ್ದಾನೆ ಎನ್ನಬೇಕು, ಮರುದಿನ ಟೈಲರ್ ಆ ಪೈಪನ್ನು ಕಿತ್ತು ಸುತ್ತಿ ಮೇಲೆ ಎಸೆದ. "ಅಳಿಯ ಹೊತ್ಕೊಂಡು ಹೋಗೋದಾದ್ರೆ ಹೋಗ್ಲಿ. ನನ್ನ ನಲ್ಲಿಗೆ ಬಾಲ ಕಟ್ಟೋದೆಲ್ಲ ಬೇಡ," ಎಂದ. ನನಗೆ ಅವನ ಕೈ ಕುಲುಕಬೇಕೆನಿಸಿತು. ಸಂತೋಷದಿಂದ ಬಕೆಟ್ ಎತ್ತಿಕೊಂಡೆ.

ಪತ್ರ ಬರೆದ ನಲವತ್ತೊಂದನೆಯ ದಿನ ತೀರ್ಮಾನ ಬರುವುದಿತ್ತು, ಸಭೆಯೂ ಅಂದೇ. ಕಚೇರಿಯ ದೊಡ್ಡ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಬಿಸ್ಕತ್ತು, ಚಹಾ ಇದ್ದವು. ಪರದೆಯ ಮೇಲೆ ನನ್ನ ಫಾರಂ ಬೆಳಗುತ್ತಿತ್ತು. ಅತ್ತೆಯನ್ನು ಟೈಲರ್ ಮತ್ತು ಅವನ ಅಳಿಯ ಕುರ್ಚಿಯಲ್ಲೇ ಹೊತ್ತು ತಂದು ಮೊದಲ ಸಾಲಿನಲ್ಲಿ ಇಳಿಸಿದ್ದರು. ಪಟ್ಟಿ ಸುತ್ತಿದ ಕಾಲಿಗೆ ಸಾಹೇಬರೇ ಸ್ಟೂಲು ತಂದಿಟ್ಟರು. ಪಕ್ಕದಲ್ಲಿ ನನ್ನ ಹೆಂಡತಿ ಹೊಸ ಸೀರೆಯಲ್ಲಿ ಕೂತು, ಆಗಾಗ ತಂಗಿಯ ಕಡೆ ನೋಡುತ್ತಿದ್ದಳು.

ಸಾಹೇಬರು ಮಾತಾಡಿದರು. ಬಾಕಿ ಸೊನ್ನೆ ಎಂದಾಗ ಚಪ್ಪಾಳೆ ಬಿತ್ತು, ಆದರೆ ಹಿಂದಿನ ಸಾಲಿನವರು ಕೈ ತಟ್ಟಲಿಲ್ಲ. ಆಮೇಲೆ ಷಡ್ಡಕ ಎದ್ದ. ಅವನ ಕೈಯಲ್ಲಿ ಒಂದು ಅಚ್ಚಾದ ಹಾಳೆ ಇತ್ತು.

"ಫಾರಂ ಬಗ್ಗೆ ಮೊದಲೇ ಕೇಳಿದ್ನಲ್ಲ, ಅದಕ್ಕೆ ಈ ಸ್ಪಷ್ಟೀಕರಣ ಬರೆಯೋ ಕೆಲಸ ಮಂಡಳಿಯವರು ನನಗೇ ಒಪ್ಪಿಸಿದ್ರು. ಭಾವನಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ನಮ್ಮ ಭಾಷೆಗೂ ಇಳಿಸಿ ತಂದಿದೀನಿ. ಓದೋ ಹಕ್ಕು ಮಾವಂದು," ಎಂದ.

ನನ್ನ ಸಂದೇಹಕ್ಕೆ ಅವನ ಉತ್ತರ! ನಾನು ಕುರ್ಚಿಯಿಂದ ಅರ್ಧ ಎದ್ದೆ, ಅಷ್ಟರಲ್ಲಿ ಮಾವ ಕನ್ನಡಕ ಏರಿಸಿ ಓದತೊಡಗಿದರು.

"ಕಡ್ಡಾಯ ಎಂದು ಬರೆದ ಕಾಲಂ ಕಣ್ಣಿಗೆ ಕಂಡರೂ ಕಡ್ಡಾಯವೇ ಅಲ್ಪವಿರಾಮ ಕಾಣದಿದ್ದರೂ ಕಡ್ಡಾಯವೇ ಪೂರ್ಣವಿರಾಮ. ನಿಯಮ ಮೊದಲಿನಿಂದಲೂ ಸ್ಪಷ್ಟವಾಗಿಯೇ ಇದೆ ಪೂರ್ಣವಿರಾಮ. ಕಾಲಮ್ಮನ್ನು ಮರೆಮಾಡುವವನು ಕಡ್ಡಾಯವನ್ನೂ ತೆಗೆಯತಕ್ಕದ್ದು ಪೂರ್ಣವಿರಾಮ. ತೆಗೆಯದಿದ್ದರೆ ಅದು ಬ್ರೌಸರಿನ ತಪ್ಪಲ್ಲ ಅಲ್ಪವಿರಾಮ ನಿಯಮದ ತಪ್ಪಲ್ಲ ಅಲ್ಪವಿರಾಮ ಫಾರಂ ಬರೆದವನ ತಪ್ಪು ಪೂರ್ಣವಿರಾಮ. ಹೀಗೆ ಮಾಡಬಾರದು ಎಂಬುದಕ್ಕೆ ಉದಾಹರಣೆ..."

ಮಾವ ಅಲ್ಲಿ ನಿಂತರು. ಆದರೆ ಮೂವತ್ತೆಂಟು ವರ್ಷ ಅವರು ಒಂದು ಸಾಲನ್ನೂ ಹಾರಿಸಿದವರಲ್ಲ. "...ನೀರು ಸರಬರಾಜು ಕಚೇರಿಯ ಫಾರಂ ಪೂರ್ಣವಿರಾಮ," ಎಂದು ಮುಗಿಸಿದರು. ಆಮೇಲೆ ನನ್ನ ಹೆಸರನ್ನೂ ಓದಿದರು. ಒಂದಕ್ಷರ ತಪ್ಪಿರಲಿಲ್ಲ.

ಷಡ್ಡಕನೊಬ್ಬನೇ ಚಪ್ಪಾಳೆ ತಟ್ಟಿದ. "ತಮ್ಮ ತಪ್ಪನ್ನೇ ಲೋಕದ ಮುಂದೆ ಇಡೋಕೆ ಎಂಥಾ ದೊಡ್ಡ ಮನಸ್ಸು ಬೇಕು ಭಾವ!" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಗಳಿಗೆಯಲ್ಲಿ ನಾನು ಅವನನ್ನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಅಂದ್ರೆ ನನ್ನ ಅರ್ಜಿ ಬಂದೇ ಇಲ್ವಾ? ನಾನು ಹತ್ತು ಸಲ ಒತ್ತಿದೀನಿ!"

"ನಾನು ಮೌಸೇ ಕೆಟ್ಟಿದೆ ಅಂತ ಹೊಸದು ತಗೊಂಡೆ!" ಎಂದಳು ಇನ್ನೊಬ್ಬಳು.

"ನಮ್ಮ ಬೀದಿಯಲ್ಲಿ ಹನ್ನೆರಡು ಮನೆ ಕಾಯ್ತಾ ಇದೀವಿ ಸಾರ್. ಸೊನ್ನೆ ಅಂದ್ರಲ್ಲ, ಆ ಸೊನ್ನೆ ನಾವೇ!"

ಸಾಹೇಬರ ಮುಖ ಬಿಳಿಚಿತು. ನಾನು ಆಗಲೇ ಒಂದು ಭಾಷಣ ಹೊಂದಿಸಿಕೊಳ್ಳುತ್ತಿದ್ದೆ: ಹೌದು, ಜನಹಿತಕ್ಕಾಗಿ ನನ್ನ ತಪ್ಪನ್ನು ನಾನೇ ಬಯಲಿಗಿಟ್ಟೆ, ಇತ್ಯಾದಿ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಆದರೆ ಅತ್ತೆ ಕೈ ಎತ್ತಿದರು.

"ಏನ್ರೀ, ಇದನ್ನ ಯಾವತ್ತು ಕಳಿಸಿದ್ದು ಅಂತ ಅದ್ರಲ್ಲಿ ಇದೆಯಾ?" ಎಂದು ಮಾವನನ್ನು ಕೇಳಿದರು.

ಮಾವ ಹಾಳೆಯ ಮೇಲ್ತುದಿ ನೋಡಿ ತಾರೀಖು ಓದಿದರು. ಈ ಸಲ ವಿರಾಮ ಹೇಳಲಿಲ್ಲ.

ಅತ್ತೆ ಬೆರಳು ಮಡಿಸಿ ಎಣಿಸಿದರು. "ನಾನು ಬಿದ್ದಿದ್ದು ಅದಾದ ಮೇಲೆ ಹತ್ತು ದಿನಕ್ಕೆ," ಎಂದರು. ನನ್ನ ಕಡೆ ತಿರುಗಿದರು. "ಎಷ್ಟು ಪದ ಅಳಿಸ್ಬೇಕಿತ್ತು?"

"ಒಂದು ಅತ್ತೆ."

"ಎಷ್ಟು ಹೊತ್ತು ಬೇಕು?"

"ಒಂದು ನಿಮಿಷ."

"ಅಳಿಸಿ."

ಜನರೆಲ್ಲ ನೋಡುತ್ತಿರುವಾಗ, ಪರದೆಯ ಮೇಲೆಯೇ, ಅಳಿಸಿದೆ. ಒಂದು ನಿಮಿಷವೂ ಬೇಕಾಗಲಿಲ್ಲ. ತಿರುಗಿ ನೋಡಿದಾಗ ನನ್ನ ಹೆಂಡತಿಯ ಕುರ್ಚಿ ಖಾಲಿಯಾಗಿತ್ತು. ಅತ್ತೆಯನ್ನು ಟೈಲರ್ ಮತ್ತೆ ಕುರ್ಚಿ ಸಮೇತ ಎತ್ತಿಸುತ್ತಿದ್ದ. ನಾನು ಒಂದು ಕೈ ಕೊಡಲು ಹೋದೆ. "ನೀವು ಬಿಡಿ," ಎಂದ ಅವನು.

ಸಂಜೆಯೊಳಗೆ ನೂರ ಎಂಬತ್ತೇಳು ಅರ್ಜಿ ಬಂದವು. ಮಾವನದು ಮೊದಲನೆಯದು, ಆದರೆ ಸಾಹೇಬರು ಅದನ್ನು ಪಟ್ಟಿಯ ಕಟ್ಟಕಡೆಗೆ ಹಾಕಿದರು. "ನಿನ್ನ ಮನೆಯವರಿಗೆ ಮೊದಲು ನಲ್ಲಿ ಹಾಕಿದ್ರೆ ಜನ ನನ್ನ ಅಂಗಿ ಹರೀತಾರೆ," ಎಂದರು. ವಾದ ಮಾಡುವ ಮುಖ ನನಗಿರಲಿಲ್ಲ. ದಿನಕ್ಕೆ ಮೂರು ನಲ್ಲಿ ಎಂದರೆ ಎರಡು ತಿಂಗಳ ಮೇಲಾಯಿತು.

ಆ ಎರಡು ತಿಂಗಳೂ ನೀರು ಹೊತ್ತೆ. ಈ ಸಲ ಬೀದಿ ಹೊಗಳಲಿಲ್ಲ. ಟೈಲರ್ ತಲೆ ಎತ್ತಲಿಲ್ಲ. ಅತ್ತೆ ಮಾತಾಡಲಿಲ್ಲ, ನಾನು ಬರುವ ಹೊತ್ತಿಗೆ ಡ್ರಮ್ಮಿನ ಮುಚ್ಚಳ ತೆಗೆದಿಟ್ಟಿರುತ್ತಿದ್ದರು, ಅಷ್ಟೆ. ಕಾಲು ವಾಸಿಯಾದ ಮೇಲೂ ಅವರು ಕೆಳಗಿಳಿಯದ ಹಾಗೆ ನಾನು ಆರರ ಬದಲು ಐದೂವರೆಗೇ ಹೋಗುತ್ತಿದ್ದೆ. ಹೆಂಡತಿ ‘ಊಟಕ್ಕೆ ಬನ್ನಿ’ ಎಂಬುದನ್ನು ಬಿಟ್ಟು ಬೇರೆ ಮಾತಾಡಲು ಮೂರು ವಾರ ಹಿಡಿಯಿತು. ಬೇಜಾರಾಗುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ, ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಯಾರ ಹೆಸರು ಎಲ್ಲಿ ಅಚ್ಚಾಗಿದೆ ಎಂಬುದು ತಲೆಗೆ ಬರುವುದಿಲ್ಲ. ಮುಂದಿನ ಮೆಟ್ಟಿಲು ಮಾತ್ರ ತಲೆಯಲ್ಲಿರುತ್ತದೆ.

ಕೊನೆಗೂ ನಲ್ಲಿ ಬಂತು. ಎಲ್ಲರೂ ಅಡುಗೆಮನೆಯಲ್ಲಿ ಸೇರಿದ್ದೆವು. ಷಡ್ಡಕನೂ ಬಂದಿದ್ದ. ನಿಯಮಪುಸ್ತಕದ ಹೊಸ ಮುದ್ರಣ ಹೊರಬಿದ್ದಿತ್ತು, ಅದರಲ್ಲಿ ಅವನ ಹೆಸರು ಈಗ ಎರಡು ಕಡೆ ಇತ್ತು. ಆ ಹಾಳೆಯನ್ನು ಎದೆಗೆ ಹಿಡಿದು, ಯಾರಾದರೂ ಕೇಳಲಿ ಎಂದು ನಿಂತಿದ್ದ. ನಲ್ಲಿ ಮೊದಲು ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ತಿಳಿನೀರು ಬಿಟ್ಟಿತು. ಅತ್ತೆ ಒಂದು ಲೋಟ ತುಂಬಿಕೊಂಡು ತಿರುಗಿದರು. ಷಡ್ಡಕ ಹತ್ತಿರದಲ್ಲಿದ್ದ, ಕೈ ಮುಂದೆ ಮಾಡಿದ. ಅತ್ತೆ ಅವನನ್ನು ದಾಟಿ ಬಂದು ಲೋಟವನ್ನು ನನ್ನ ಕೈಗಿಟ್ಟರು.

"ಕುಡೀರಿ," ಎಂದರು. "ನೀವು ಮಾಡಿದ ತಪ್ಪು ಅಚ್ಚಾಗಿದೆ, ಅದು ಎಲ್ಲರಿಗೂ ಗೊತ್ತು. ನೂರು ದಿನ ನೀರು ಹೊತ್ತಿದ್ದು ಎಲ್ಲೂ ಅಚ್ಚಾಗಿಲ್ಲ. ಅದು ನನಗೆ ಗೊತ್ತು."

ಮಾವ ಕಿಸೆಯಿಂದ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟರು. ಅಚ್ಚಾಗದ ಸತ್ಯವೂ ಒಂದು ಇರಬಹುದು ಎಂದು ಅವರಿಗೆ ಮೊದಲ ಸಲ ಅನ್ನಿಸಿರಬೇಕು. ನಾನು ಕುಡಿದೆ. ಕುಡಿಯುತ್ತಲೇ ಲೋಟದ ಅಂಚಿನಿಂದ ಷಡ್ಡಕನ ಮುಖ ನೋಡಿದೆ. ಆ ಮುಖವನ್ನು ನಾನು ಬಲ್ಲೆ, ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೇನೆ. ಹಾಳೆ ಅವನ ಕೈಯಲ್ಲಿ ಮುದುಡುತ್ತಿತ್ತು.

ಮರುದಿನ ಬೆಳಿಗ್ಗೆ ಮಾವ ಗಾಬರಿಯಲ್ಲಿ ಫೋನ್ ಮಾಡಿದರು, ಬೇಗ ಬನ್ನಿ ಎಂದರು. ಪೈಪ್ ಒಡೆದಿರಬೇಕು ಎಂದು ಓಡಿದೆ. ನಲ್ಲಿ ಸರಿಯಾಗಿಯೇ ಇತ್ತು, ಧಾರಾಳವಾಗಿ ಸುರಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಿದ್ದರು. ಕೆಳಗಿನ ಅಂಗಳದಿಂದ ಎರಡು ತುಂಬಿದ ಬಕೆಟ್ ಹಿಡಿದುಕೊಂಡು, ಬೆವರು ಸುರಿಸುತ್ತ, ಷಡ್ಡಕ ಮೆಟ್ಟಿಲು ಹತ್ತುತ್ತಿದ್ದ.